ಡ್ರ್ಯಾಗ್ ರೇಸ್‌ನಲ್ಲಿ ಗೇರ್ ಬದಲಿಸುವ ಗಳಿಗೆ

ನಿಂತ ಜಾಗದಿಂದ ಹೊರಟು, ನೇರ ದಾರಿಯಲ್ಲಿ ಗೊತ್ತುಮಾಡಿದ ದೂರವನ್ನು ಅತಿ ಕಡಿಮೆ ಹೊತ್ತಿನಲ್ಲಿ ಮುಗಿಸುವ ಮೋಟಾರು ಓಟಕ್ಕೆ ಡ್ರ್ಯಾಗ್ ರೇಸ್ ಎಂದು ಹೆಸರು. ದೂರ ಸಾಮಾನ್ಯವಾಗಿ ಕಾಲು ಮೈಲಿ, ಅಂದರೆ 402.3 ಮೀಟರ್. ಅದರ ಅರ್ಧದಷ್ಟು, 201 ಮೀಟರಿನ ಓಟವೂ ರೂಢಿಯಲ್ಲಿದೆ. ಇಲ್ಲಿ ತಿರುವುಗಳಿಲ್ಲ, ಬ್ರೇಕಿಗೆ ಕೆಲಸ ಬರುವುದು ಗೆರೆ ದಾಟಿದ ಮೇಲೆ. ಕಾರು ಮ್ಯಾನ್ಯುವಲ್ ಗೇರಿನದಾದರೆ ಚಾಲಕ ಮಾಡಬೇಕಾದ ಮುಖ್ಯ ಕೆಲಸಗಳು ಎರಡೇ: ಚಕ್ರ ಜಾರದಂತೆ ಹೊರಡುವುದು, ಆಮೇಲೆ ಪ್ರತಿ ಗೇರನ್ನೂ ಸರಿಯಾದ ಗಳಿಗೆಯಲ್ಲಿ ಬದಲಿಸುವುದು. ಎಂಜಿನ್ ಎಷ್ಟು ಆರ್‌ಪಿಎಂ (ನಿಮಿಷಕ್ಕೆ ಸುತ್ತುಗಳು) ತಲುಪಿದಾಗ ಮುಂದಿನ ಗೇರಿಗೆ ಹೋಗಬೇಕೆಂಬ ಆ ಅಂಕಿಗೆ ಷಿಫ್ಟ್ ಪಾಯಿಂಟ್ ಎನ್ನುತ್ತಾರೆ. ಹಲವರು ಅದನ್ನು ಕಿವಿಯ ಅಂದಾಜಿಗೆ ಬಿಟ್ಟುಬಿಡುತ್ತಾರೆ. ಆದರೆ ಇದು ಲೆಕ್ಕಕ್ಕೆ ಸಿಗುವ ಸಂಗತಿ. ಲೆಕ್ಕ ಹೇಳುವ ಉತ್ತರವೂ ಗ್ಯಾರೇಜುಗಳಲ್ಲಿ ಕೇಳಿಬರುವ ಮಾತಿಗಿಂತ ಬೇರೆಯೇ ಆಗಿರುತ್ತದೆ.

ಹಿನ್ನೆಲೆ

ಈ ಆಟ ಹುಟ್ಟಿದ್ದು ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ. 1930ರ ದಶಕದಲ್ಲಿ ಮುರಾಕ್, ಎಲ್ ಮಿರಾಜ್ ಮುಂತಾದ ಒಣಗಿದ ಕೆರೆಯಂಗಳಗಳಲ್ಲಿ ಹುಡುಗರು ಹಳೆಯ ಫೋರ್ಡ್ ಕಾರುಗಳನ್ನು ಬಿಚ್ಚಿ ಹಗುರ ಮಾಡಿ ಓಡಿಸುತ್ತಿದ್ದರು. ಎರಡನೇ ಮಹಾಯುದ್ಧದ ನಂತರ ಓಟ ವಿಮಾನಪಟ್ಟಿಗಳಿಗೆ ಬಂತು. 1950ರಲ್ಲಿ ಸಾಂಟಾ ಆನಾದ ವಿಮಾನಪಟ್ಟಿಯಲ್ಲಿ ಹಣ ಪಡೆದು ನಡೆಸುವ ಓಟಗಳು ಶುರುವಾದವು. 1951ರಲ್ಲಿ ವಾಲಿ ಪಾರ್ಕ್ಸ್ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಕಟ್ಟಿದರು. ಅದರ ಮೊದಲ ರಾಷ್ಟ್ರೀಯ ಕೂಟ 1955ರಲ್ಲಿ ಕ್ಯಾನ್ಸಸ್‌ನ ಗ್ರೇಟ್ ಬೆಂಡ್‌ನಲ್ಲಿ ನಡೆಯಿತು. ಬಾವುಟ ಬೀಸುವ ಪದ್ಧತಿ ಹೋಗಿ, ಕ್ರಿಸ್‌ಮಸ್ ಟ್ರೀ ಎಂಬ ದೀಪದ ಕಂಬ ಬಂದದ್ದು 1963ರಲ್ಲಿ.

ಗೇರ್ ಹಾಕುವ ಕೈಚಳಕಕ್ಕೆ ಹೆಸರಾದವರಲ್ಲಿ ರಾನಿ ಸಾಕ್ಸ್ ಮೊದಲಿಗರು. ಪ್ಲಿಮತ್ ಕಾರಿನ ನಾಲ್ಕು ಗೇರುಗಳನ್ನು ಅವರು ಬದಲಿಸುತ್ತಿದ್ದ ರೀತಿಗೆ ಜನ ಅವರನ್ನು 'ಮಿಸ್ಟರ್ ಫೋರ್ ಸ್ಪೀಡ್' ಎಂದೇ ಕರೆದರು. 1970ರಲ್ಲಿ ಪ್ರೊ ಸ್ಟಾಕ್ ವರ್ಗ ಆರಂಭವಾದಾಗ ಪೊಮೋನಾದ ಮೊದಲ ಫೈನಲ್‌ನಲ್ಲಿ ಎದುರುಬದುರಾದವರು ಸಾಕ್ಸ್ ಮತ್ತು ಬಿಲ್ ಜೆಂಕಿನ್ಸ್. ಗೆದ್ದವರು ಜೆಂಕಿನ್ಸ್. ಆ ಕಾಲದ ಓಟಗಾರರು ಗೇರ್‌ಬಾಕ್ಸಿನ ಸಿಂಕ್ರೊ ಬಳೆಗಳನ್ನು ತೆಗೆಸಿ, ಗೇರು ಹಲ್ಲಿಗೆ ಹಲ್ಲು ಬಡಿದೇ ಕೂರುವಂತೆ ಮಾಡಿಸುತ್ತಿದ್ದರು. ದಿನನಿತ್ಯದ ಓಡಾಟಕ್ಕೆ ಅಂಥ ಪೆಟ್ಟಿಗೆ ನರಕ. ಪೂರ್ತಿ ಥ್ರಾಟಲ್‌ನಲ್ಲಿ ಮಾತ್ರ ಬೆಣ್ಣೆಯ ಹಾಗೆ ಕೆಲಸ ಮಾಡುತ್ತದೆ.

ಟಾರ್ಕ್, ಶಕ್ತಿ, ಎಳೆತ

ನಮ್ಮಲ್ಲಿ ಕಾರಿಗೆ ಪಿಕಪ್ ಇದೆ, ಗಾಡಿ ಚೆನ್ನಾಗಿ ಎಳೆಯುತ್ತದೆ ಎನ್ನುತ್ತೇವಲ್ಲ, ಆ ಎಳೆತವೇ ಇಲ್ಲಿ ಮುಖ್ಯ. ಚಕ್ರ ನೆಲವನ್ನು ಹಿಂದಕ್ಕೆ ತಳ್ಳುವ ಬಲ ಎಷ್ಟಿದೆಯೋ ಕಾರು ಅಷ್ಟು ರಭಸದಿಂದ ಮುನ್ನುಗ್ಗುತ್ತದೆ. ಎಂಜಿನ್ನಿನ ಟಾರ್ಕನ್ನು, ಅಂದರೆ ತಿರುಗಿಸುವ ಬಲವನ್ನು, ಗೇರಿನ ಅನುಪಾತದಿಂದ ಗುಣಿಸಿ, ಡಿಫರೆನ್ಷಿಯಲ್ಲಿನ ಅನುಪಾತದಿಂದ ಮತ್ತೆ ಗುಣಿಸಿ, ಚಕ್ರದ ತ್ರಿಜ್ಯದಿಂದ ಭಾಗಿಸಿದರೆ ಆ ಬಲ ಸಿಗುತ್ತದೆ. ಹಲ್ಲುಗಳ ಉಜ್ಜಾಟದಲ್ಲಿ ಸ್ವಲ್ಪ ಕಳೆದುಹೋಗುತ್ತದೆ. ಕೆಳಗಿನ ಗೇರಿನಲ್ಲಿ ಅನುಪಾತ ದೊಡ್ಡದು, ಆದ್ದರಿಂದ ಎಳೆತ ಹೆಚ್ಚು. ಗೇರ್ ಏರಿಸಿದ ಕೂಡಲೇ ಈ ಗುಣಕ ಕುಗ್ಗುತ್ತದೆ. ಹಾಗಿದ್ದೂ ಗೇರ್ ಏರಿಸುವುದೇಕೆಂದರೆ, ಆರ್‌ಪಿಎಂ ಒಂದು ಮಟ್ಟ ಮೀರಿದ ಮೇಲೆ ಸಿಲಿಂಡರಿಗೆ ಗಾಳಿ ತುಂಬುವಷ್ಟು ಸಮಯ ಸಿಗುವುದಿಲ್ಲ, ಟಾರ್ಕ್ ಇಳಿಯುತ್ತದೆ. ಕೊನೆಗೆ ರೆಡ್‌ಲೈನ್, ಅಂದರೆ ಎಂಜಿನ್ ಮೀರಬಾರದ ಆರ್‌ಪಿಎಂ ಮಿತಿ, ಅಡ್ಡ ಬರುತ್ತದೆ.

ಶಕ್ತಿಯೆಂದರೆ ಟಾರ್ಕ್ ಮತ್ತು ಆರ್‌ಪಿಎಂ ಎರಡರ ಗುಣಲಬ್ಧ. ನ್ಯೂಟನ್ ಮೀಟರಿನಲ್ಲಿರುವ ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 9,549ರಿಂದ ಭಾಗಿಸಿದರೆ ಕಿಲೋವ್ಯಾಟ್ ಬರುತ್ತದೆ. ಟಾರ್ಕ್ ಮೆಲ್ಲಗೆ ಇಳಿಯುತ್ತಿದ್ದರೂ ಆರ್‌ಪಿಎಂ ಅದಕ್ಕಿಂತ ಬೇಗ ಏರುತ್ತಿದ್ದರೆ ಶಕ್ತಿ ಏರುತ್ತಲೇ ಇರುತ್ತದೆ. ಹೀಗಾಗಿ ಪೆಟ್ರೋಲ್ ಎಂಜಿನ್ನಿನಲ್ಲಿ ಟಾರ್ಕಿನ ಶಿಖರ ಮೊದಲು ಬರುತ್ತದೆ, ಶಕ್ತಿಯ ಶಿಖರ ಸಾವಿರ, ಎರಡು ಸಾವಿರ ಆರ್‌ಪಿಎಂ ಕಳೆದ ಮೇಲೆ ಬರುತ್ತದೆ.

ಟಾರ್ಕಿನ ಶಿಖರದಲ್ಲಿ ಗೇರ್ ಬದಲಿಸಬೇಕೆಂಬ ತಪ್ಪು ನಂಬಿಕೆ ಬಲವಾಗಿ ಬೇರೂರಿದೆ. ಅದನ್ನು ಕೀಳಲು ಒಂದು ಲೆಕ್ಕ ಸಾಕು. ಒಂದು ಪೆಟ್ರೋಲ್ ಕಾರು ಎಂದುಕೊಳ್ಳೋಣ. ಡಿಫರೆನ್ಷಿಯಲ್ ಸೇರಿಸಿ ಎರಡನೇ ಗೇರಿನ ಒಟ್ಟು ಅನುಪಾತ 8, ಮೂರನೆಯದು 5.5. ಟಾರ್ಕಿನ ಶಿಖರ 4,500 ಆರ್‌ಪಿಎಂನಲ್ಲಿ 190 ನ್ಯೂಟನ್ ಮೀಟರ್. ಅಲ್ಲೇ ಗೇರ್ ಬದಲಿಸಿದರೆ, ಬದಲಿಸುವ ಮುನ್ನ ಆಕ್ಸಲ್ ಮೇಲೆ 1,520 ನ್ಯೂಟನ್ ಮೀಟರ್ ಇತ್ತು. ಬದಲಿಸಿದ ಮೇಲೆ ಎಂಜಿನ್ 3,100ರ ಹತ್ತಿರಕ್ಕೆ ಬೀಳುತ್ತದೆ. ಅಲ್ಲಿ ಟಾರ್ಕ್ 175 ಎಂದರೂ ಆಕ್ಸಲ್‌ಗೆ ಸಿಗುವುದು 962. ಒಂದೇ ಏಟಿಗೆ ಮೂರನೇ ಒಂದು ಪಾಲಿಗಿಂತ ಹೆಚ್ಚು ಎಳೆತ ಕೈಬಿಟ್ಟು ಹೋಯಿತು. ಅದೇ ಕಾರನ್ನು 6,500ರ ತನಕ ಎಳೆದರೆ? ಅಲ್ಲಿ ಟಾರ್ಕ್ 150ಕ್ಕೆ ಇಳಿದಿರಲಿ. ಎರಡನೇ ಗೇರಿನಲ್ಲಿ ಇನ್ನೂ 1,200 ಇದೆ. ಮೂರಕ್ಕೆ ಹೋದರೆ ಎಂಜಿನ್ 4,470ಕ್ಕೆ ಇಳಿದು, ಟಾರ್ಕಿನ ಶಿಖರದಲ್ಲೇ ನಿಂತರೂ 1,045 ಮಾತ್ರ. ಇನ್ನೂ ಬದಲಿಸುವ ಹೊತ್ತು ಬಂದಿಲ್ಲ. 7,000ಕ್ಕೆ ಟಾರ್ಕ್ 125ಕ್ಕೆ ಕುಸಿದಿದೆ ಎನ್ನಿ, ಎರಡನೇ ಗೇರಿನದು 1,000ಕ್ಕೆ ಬಂತು; ಮೂರನೆಯದರಲ್ಲಿ 4,810 ಆರ್‌ಪಿಎಂ, 188 ನ್ಯೂಟನ್ ಮೀಟರ್, 1,034. ಈಗ ತಕ್ಕಡಿ ಆ ಕಡೆ ವಾಲಿತು. ನಡುವೆ ಎಲ್ಲೋ, 6,900ರ ಸುಮಾರಿಗೆ, ಎರಡೂ ಸಮವಾಗಿದ್ದವು. ಈ ಕಾರಿಗೆ ಎರಡರಿಂದ ಮೂರಕ್ಕೆ ಹೋಗುವ ಗಳಿಗೆ ಅದೇ. ಶಕ್ತಿಯ ಶಿಖರ 6,000ದ ಹತ್ತಿರ ಇದೆ. ಅಂದರೆ ಶಿಖರ ದಾಟಿ 900 ಆರ್‌ಪಿಎಂ ಮುಂದೆ ಹೋಗಬೇಕು.

ಇದೇ ಮಾತನ್ನು ಶಕ್ತಿಯ ಲೆಕ್ಕದಲ್ಲಿ ಹೇಳಿದರೆ ಇನ್ನೂ ಸುಲಭ. ಕಾರಿನ ವೇಗ ಒಂದೇ ಇರುವಾಗ ಎಳೆತ ಹೆಚ್ಚಿರುವ ಗೇರಿನಲ್ಲೇ ಚಕ್ರಕ್ಕೆ ಹೋಗುವ ಶಕ್ತಿಯೂ ಹೆಚ್ಚು. ಆದ್ದರಿಂದ ಗೇರ್ ಬದಲಿಸುವ ಮುನ್ನ ಎಂಜಿನ್ ಕೊಡುತ್ತಿದ್ದ ಶಕ್ತಿಯೂ ಬದಲಿಸಿದ ಮರುಕ್ಷಣ ಕೊಡುವ ಶಕ್ತಿಯೂ ಸಮನಾಗುವ ಕಡೆ ಬದಲಿಸಬೇಕು. ಶಕ್ತಿಯ ನಕ್ಷೆ ಒಂದು ಗುಡ್ಡದ ಹಾಗಿರುತ್ತದೆ. ಗುಡ್ಡದ ಆಚೆ ಇಳಿಜಾರಿನಲ್ಲಿ ಎಷ್ಟು ಕೆಳಗಿಳಿದು ಗೇರ್ ಬದಲಿಸುತ್ತೇವೋ, ಈಚೆ ಏರಿನಲ್ಲಿ ಅಷ್ಟೇ ಎತ್ತರದಲ್ಲಿ ಮತ್ತೆ ಕಾಲಿಡುವಂತಿರಬೇಕು. ಶಿಖರಕ್ಕೇ ಬದಲಿಸಿದರೆ ಆಚೆ ಇಳಿಜಾರಿನ ಒಳ್ಳೆಯ ಭಾಗ ವ್ಯರ್ಥವಾಗಿ, ಈಚೆ ಬುಡದಿಂದ ಹತ್ತಬೇಕಾಗುತ್ತದೆ.

ಇದರಿಂದ ಇನ್ನೊಂದು ಸಂಗತಿಯೂ ಹೊರಡುತ್ತದೆ. ಒಂದರಿಂದ ಎರಡಕ್ಕೆ ಅನುಪಾತದ ಜಿಗಿತ ದೊಡ್ಡದು, ಮೂರರಿಂದ ನಾಲ್ಕಕ್ಕೆ ಚಿಕ್ಕದು. ಜಿಗಿತ ದೊಡ್ಡದಾದಷ್ಟೂ ಶಿಖರ ದಾಟಿ ದೂರ ಹೋಗಬೇಕು. ಹಾಗಾಗಿ ಒಂದೇ ಕಾರಿನಲ್ಲೂ ಪ್ರತಿ ಗೇರಿಗೆ ಬೇರೆ ಬೇರೆ ಷಿಫ್ಟ್ ಪಾಯಿಂಟ್ ಇರುತ್ತದೆ. ಎಲ್ಲ ಗೇರಿಗೂ ಒಂದೇ ಅಂಕಿ ಹೇಳುವವರು ಅರ್ಧ ಸತ್ಯ ಹೇಳುತ್ತಿದ್ದಾರೆ. ಎಳೆತದ ಗೆರೆಗಳು ರೆಡ್‌ಲೈನ್‌ಗೆ ಮುನ್ನ ಒಂದನ್ನೊಂದು ಕೂಡದೇ ಇದ್ದರೆ ಮಾತ್ರ ಉತ್ತರ ಸರಳ: ರೆಡ್‌ಲೈನ್ ತನಕ ಎಳೆಯಿರಿ.

ಎರಡು ಎಂಜಿನ್‌ಗಳು

ಹೋಂಡಾ ಎಸ್2000 ಈ ಸರಳ ಉತ್ತರಕ್ಕೆ ಒಳ್ಳೆಯ ಉದಾಹರಣೆ. 1999ರಲ್ಲಿ ಬಂದ, 1,997 ಸಿಸಿಯ, ಟರ್ಬೊ ಇಲ್ಲದ ಈ ಕಾರಿನ ಅಮೆರಿಕದ ಮಾದರಿಗೆ 8,300 ಆರ್‌ಪಿಎಂನಲ್ಲಿ 240 ಅಶ್ವಶಕ್ತಿ, 7,500ರಲ್ಲಿ 207 ನ್ಯೂಟನ್ ಮೀಟರ್. ರೆಡ್‌ಲೈನ್ 9,000ದ ಸುಮಾರು. ಪಿಸ್ಟನ್ನಿನ ಓಟ 84 ಮಿಲಿಮೀಟರ್. 9,000ದಲ್ಲಿ ಪಿಸ್ಟನ್ ಸರಾಸರಿ ಸೆಕೆಂಡಿಗೆ 25 ಮೀಟರ್ ಓಡುತ್ತದೆ. ಗೇರಿನ ಅನುಪಾತಗಳು ಕ್ರಮವಾಗಿ 3.133, 2.045, 1.481, 1.161, 0.971, 0.811.

ಈ ಕಾರಿಗೆ ಪೂರ್ತಿ ಟಾರ್ಕಿನ ನಕ್ಷೆ ಕೈಯಲ್ಲಿಲ್ಲದಿದ್ದರೂ ಉತ್ತರ ಹೇಳಬಹುದು. ಮೂರನೇ ಗೇರಿನಲ್ಲಿ 9,000ಕ್ಕೆ ಹೋಗಿ ನಾಲ್ಕಕ್ಕೆ ಹಾಕಿದರೆ ಎಂಜಿನ್ ಬಂದು ನಿಲ್ಲುವುದು 7,055ರಲ್ಲಿ. ಟಾರ್ಕ್ ಎಲ್ಲೂ 207 ಮೀರುವುದಿಲ್ಲವಾದ್ದರಿಂದ ಅಲ್ಲಿ ಶಕ್ತಿ 153 ಕಿಲೋವ್ಯಾಟ್ ಮೀರಲಾರದು. 8,300ರಲ್ಲಿ 179 ಕಿಲೋವ್ಯಾಟ್ ಕೊಡುವ ಎಂಜಿನ್ನು 9,000ದಲ್ಲಿ 153ಕ್ಕಿಂತ ಕೆಳಗೆ ಹೋಗಬೇಕಾದರೆ ಏಳುನೂರು ಆರ್‌ಪಿಎಂ ಒಳಗೆ ಟಾರ್ಕಿನ ಐದನೇ ಒಂದು ಪಾಲು ಮಾಯವಾಗಬೇಕು. ಆರೋಗ್ಯವಾಗಿರುವ ಈ ಎಂಜಿನ್ನು ಹಾಗೆ ಕುಸಿಯುವುದಿಲ್ಲ. ಕೆಳಗಿನ ಗೇರುಗಳಲ್ಲಂತೂ ಎಂಜಿನ್ ಇನ್ನೂ ಕೆಳಗೆ ಬೀಳುವುದರಿಂದ ಯೋಚಿಸುವ ಮಾತೇ ಇಲ್ಲ.

ಬೇಗ ಗೇರ್ ಹಾಕಿದರೆ ಈ ಕಾರು ಕೊಡುವ ಶಿಕ್ಷೆಯೂ ದೊಡ್ಡದು. ಎಂಜಿನ್ 6,000ದ ಹತ್ತಿರ ಬಂದಾಗ ವಿಟೆಕ್ ವ್ಯವಸ್ಥೆ ಕವಾಟಗಳನ್ನು ಎತ್ತರದ ಕ್ಯಾಮ್‌ಗೆ ವಹಿಸುತ್ತದೆ, ದನಿಯೇ ಬದಲಾಗುತ್ತದೆ, ಕಾರು ಬೆನ್ನಿಗೆ ಗುದ್ದುತ್ತದೆ. ಮೊದಲ ಗೇರಿನಲ್ಲಿ 9,000ಕ್ಕೆ ಬದಲಿಸಿದರೆ ಎರಡನೇ ಗೇರು 5,875ರಲ್ಲಿ, ವಿಟೆಕ್‌ನ ಹೊಸ್ತಿಲಲ್ಲೇ, ಕಾಲಿಡುತ್ತದೆ. 8,000ಕ್ಕೆ ಬದಲಿಸಿದರೆ 5,220ಕ್ಕೆ ಬಿದ್ದು, ವಿಟೆಕ್ ಬರುವ ತನಕ ಮೈಮರೆತ ಚಿಕ್ಕ ಕ್ಯಾಮ್ ಮೇಲೆ ತೆವಳಬೇಕು. ಹೋಂಡಾದ ಎಂಜಿನಿಯರುಗಳು ಅನುಪಾತವನ್ನೂ ರೆಡ್‌ಲೈನನ್ನೂ ಕ್ಯಾಮನ್ನೂ ಒಟ್ಟಿಗೆ ಕೂರಿಸಿಕೊಂಡು ಯೋಚಿಸಿದ್ದಾರೆ ಅನ್ನುವುದು ಇಲ್ಲಿ ಕಾಣುತ್ತದೆ.

ಇದಕ್ಕೆ ತೀರ ವಿರುದ್ಧವಾದದ್ದು ನಮ್ಮ ರಸ್ತೆಗಳಲ್ಲಿ ಲಕ್ಷಗಟ್ಟಲೆ ಓಡಿದ ಫಿಯಟ್ ಮೂಲದ 1.3 ಲೀಟರ್ ಡೀಸೆಲ್, ಮಾರುತಿ ಸ್ವಿಫ್ಟ್‌ನಲ್ಲಿ ಇದ್ದದ್ದು. 2,000 ಆರ್‌ಪಿಎಂನಲ್ಲಿ 190 ನ್ಯೂಟನ್ ಮೀಟರ್, 4,000ದಲ್ಲಿ 75 ಅಶ್ವಶಕ್ತಿ. ಲೆಕ್ಕ ಹಾಕಿದರೆ 4,000ದಲ್ಲಿ ಟಾರ್ಕ್ 131ಕ್ಕೆ ಇಳಿದಿರುತ್ತದೆ. ಅದರಾಚೆ ಚಿಕ್ಕ ಟರ್ಬೊದ ಉಸಿರು ಸಾಲದೆ ಶಕ್ತಿ ಬೇಗ ಕುಸಿಯುತ್ತದೆ. ಇಂಥ ಎಂಜಿನ್ನನ್ನು ರೆಡ್‌ಲೈನ್ ತನಕ ಕೂಗಿಸುವುದು ಹೊತ್ತು ಹಾಳು. ಶಿಖರ ದಾಟಿ ಕೆಲವೇ ನೂರು ಆರ್‌ಪಿಎಂ ಕಳೆದರೆ ಸಾಕು, ಮುಂದಿನ ಗೇರಿನಲ್ಲಿ ಟರ್ಬೊ ಪೂರ್ತಿ ಒತ್ತಡದಲ್ಲಿ ಕಾದಿರುತ್ತದೆ. ಆದರೆ ಡೀಸೆಲ್ ಎಂದ ಮಾತ್ರಕ್ಕೆ 2,000ಕ್ಕೇ ಗೇರ್ ಹಾಕುವುದೂ ತಪ್ಪು. ಅಲ್ಲಿ ಶಕ್ತಿ 40 ಕಿಲೋವ್ಯಾಟ್, 4,000ದಲ್ಲಿ 55. ಆ ಅಭ್ಯಾಸ ಮೈಲೇಜಿಗೆ ಒಳ್ಳೆಯದು, ಓಟಕ್ಕಲ್ಲ.

ಲೆಕ್ಕದ ಆಚೆ

ಕಾಗದದ ಮೇಲಿನ ಅಂಕಿಗೆ ಕೆಲವು ತಿದ್ದುಪಡಿ ಬೇಕು. ಕೆಳಗಿನ ಗೇರಿನಲ್ಲಿ ಎಂಜಿನ್ ವೇಗವಾಗಿ ಏರುವುದರಿಂದ ಫ್ಲೈವೀಲ್, ಕ್ರ್ಯಾಂಕ್, ಕ್ಲಚ್ಚು ಇವನ್ನೆಲ್ಲ ಸುತ್ತಿಸುವುದಕ್ಕೇ ಶಕ್ತಿಯ ಒಂದು ಪಾಲು ಹೋಗುತ್ತದೆ. ಹೀಗಾಗಿ ಮೊದಲ ಗೇರಿನಲ್ಲಿ ನಿಜವಾದ ಗಳಿಗೆ ಲೆಕ್ಕಕ್ಕಿಂತ ತುಸು ಮುಂಚೆಯೇ ಬರುತ್ತದೆ. ಫ್ಲೈವೀಲಿನಲ್ಲಿ ಕೂಡಿಟ್ಟ ಆ ಶಕ್ತಿ ಕ್ಲಚ್ ಕಚ್ಚಿದ ಕ್ಷಣ ಚಕ್ರಕ್ಕೆ ಮರಳುತ್ತದೆ. ಬಲವಾಗಿ ಎರಡನೇ ಗೇರು ಹಾಕಿದಾಗ ಟೈರು ಕೀಚ್ ಎನ್ನುವುದು ಅದರಿಂದಲೇ.

ಹಿಡಿತ ಇನ್ನೊಂದು. ಮುಂಚಕ್ರ ಎಳೆಯುವ ಕಾರು ಹೊರಡುವಾಗ ಭಾರ ಹಿಂದಕ್ಕೆ ವಾಲಿ ಮುಂದಿನ ಟೈರು ಜಾರುತ್ತದೆ. ಜಾರುವ ಚಕ್ರಕ್ಕೆ ಎಷ್ಟು ಶಕ್ತಿ ಕಳಿಸಿದರೂ ಉಪಯೋಗವಿಲ್ಲ. ಅಂಥ ಕಡೆ, ಅದರಲ್ಲೂ ಪಟ್ಟಿ ತೇವವಾಗಿದ್ದರೆ, ಬೇಗ ಎರಡಕ್ಕೆ ಹೋಗುವುದೇ ಜಾಣತನ.

ಎತ್ತರದ ಪ್ರಶ್ನೆಯನ್ನು ಬೆಂಗಳೂರಿನವರು ಕೇಳಬೇಕು. ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಗಾಳಿಯ ಸಾಂದ್ರತೆ ಸುಮಾರು ಶೇ. 8ರಷ್ಟು ಕಡಿಮೆ. ಟರ್ಬೊ ಇಲ್ಲದ ಎಂಜಿನ್ನಿನ ಟಾರ್ಕೂ ಹೆಚ್ಚೂಕಡಿಮೆ ಅಷ್ಟೇ ಇಳಿಯುತ್ತದೆ. ಆದರೆ ಎಲ್ಲ ಆರ್‌ಪಿಎಂನಲ್ಲೂ ಒಂದೇ ಪ್ರಮಾಣದಲ್ಲಿ ಇಳಿಯುತ್ತದೆ. ಶಕ್ತಿಯ ನಕ್ಷೆಯ ಗುಡ್ಡ ಕುಳ್ಳಾಯಿತೇ ಹೊರತು ಆಕಾರ ಬದಲಾಗಲಿಲ್ಲ. ಆದ್ದರಿಂದ ಚೆನ್ನೈ ಬಳಿಯ ಶ್ರೀಪೆರಂಬುದೂರಿನಲ್ಲಿ ಸರಿಯಾಗಿದ್ದ ಷಿಫ್ಟ್ ಪಾಯಿಂಟೇ ಬೆಂಗಳೂರಿನಲ್ಲೂ ಸರಿ. ಗೆರೆ ಮುಟ್ಟುವ ಹೊತ್ತು ಮಾತ್ರ ಹಿಗ್ಗುತ್ತದೆ.

ಕೈ, ಕಾಲು, ಕಣ್ಣು

ಸಾಧಾರಣ ಚಾಲಕನಿಗೆ ಒಂದು ಗೇರ್ ಬದಲಿಸಲು 0.4 ಸೆಕೆಂಡ್ ಬೇಕಾಗಬಹುದು. ಗಂಟೆಗೆ 107 ಕಿಲೋಮೀಟರ್ ವೇಗದಲ್ಲಿ ಆ ಹೊತ್ತಿನಲ್ಲಿ ಕಾರು 12 ಮೀಟರ್ ದೂರ ಎಳೆತವಿಲ್ಲದೆ ತೇಲಿಹೋಗುತ್ತದೆ. ಆದ್ದರಿಂದ 100 ಆರ್‌ಪಿಎಂ ಆಚೀಚೆಯಾದರೆ ಆಗುವ ನಷ್ಟಕ್ಕಿಂತ ತಡವರಿಸಿದ ಕೈಯಿಂದ ಆಗುವ ನಷ್ಟ ದೊಡ್ಡದು. ಎಕ್ಸಲರೇಟರಿನಿಂದ ಕಾಲು ತೆಗೆಯದೆ, ಎಡಗಾಲಲ್ಲಿ ಕ್ಲಚ್ಚಿಗೆ ಒಂದು ಕುಟ್ಟು ಕೊಟ್ಟು ಗೇರ್ ಎಳೆಯುವುದಕ್ಕೆ ಪವರ್ ಷಿಫ್ಟ್ ಎನ್ನುತ್ತಾರೆ. ಹೊತ್ತು ಉಳಿಯುತ್ತದೆ, ಸಿಂಕ್ರೊ ಮತ್ತು ಕ್ಲಚ್ ಪ್ಲೇಟ್ ಅದರ ಬೆಲೆ ತೆರುತ್ತವೆ.

ಎರಡರಿಂದ ಮೂರಕ್ಕೆ ಹೋಗುವ ಚಲನೆಯನ್ನು ಹತ್ತಿರದಿಂದ ನೋಡಬೇಕು. ಲಿವರು ಕೆಳಗಿನಿಂದ ಹೊರಟು ನ್ಯೂಟ್ರಲ್ ಹಾದು, ಪಕ್ಕದ ಸಾಲಿಗೆ ಸರಿದು, ಮೇಲಕ್ಕೆ ಹೋಗಬೇಕು. ಬಿಗಿಮುಷ್ಟಿಯಲ್ಲಿ ಹಿಡಿದವರು ಅದನ್ನು ಓರೆಯಾಗಿ ದೂಡಿ ಒಂದನೇ ಗೇರಿನ ಬಾಯಿಗೋ ಐದರದಕ್ಕೋ ತಗುಲಿಸುತ್ತಾರೆ. ಪಳಗಿದವರು ಅಂಗೈ ತೆರೆದು ಬರೀ ಮೇಲಕ್ಕೆ ತಳ್ಳುತ್ತಾರೆ. ನ್ಯೂಟ್ರಲ್‌ಗೆ ಬಂದ ಲಿವರನ್ನು ಒಳಗಿನ ಸ್ಪ್ರಿಂಗೇ ನಡುಸಾಲಿಗೆ ತಂದು ನಿಲ್ಲಿಸುತ್ತದೆ. ಮೂರರಿಂದ ನಾಲ್ಕಕ್ಕೆ ನೇರ ಕೆಳಗೆ. ಇಲ್ಲಿ ಕೈ ಎಡಕ್ಕೆ ವಾಲಿ ಎರಡನೇ ಗೇರು ಬಿದ್ದರೆ ಅನಾಹುತ. ಮೇಲೆ ಹೇಳಿದ ಎಸ್2000ದಲ್ಲಿ ಮೂರನೇ ಗೇರಿನ 9,000ಕ್ಕೆ ಎರಡನೇ ಗೇರು ಬಿದ್ದರೆ ಚಕ್ರಗಳು ಎಂಜಿನ್ನನ್ನು 12,400ರತ್ತ ಎಳೆದೊಯ್ಯುತ್ತವೆ. ರೆವ್ ಲಿಮಿಟರ್ ಪೆಟ್ರೋಲ್ ನಿಲ್ಲಿಸಬಲ್ಲದು, ಚಕ್ರಗಳನ್ನು ನಿಲ್ಲಿಸಲಾರದು. ಕವಾಟಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ.

ಕಣ್ಣಿನ ಮಾತು ಬೇರೆ. ಮೊದಲ ಗೇರಿನಲ್ಲಿ ಈ ಕಾರಿನ ಎಂಜಿನ್ ಸೆಕೆಂಡಿಗೆ ಸುಮಾರು 2,500 ಆರ್‌ಪಿಎಂ ಏರುತ್ತದೆ, ಮೂರನೆಯದರಲ್ಲಿ ಸುಮಾರು 600. ಗೇರ್ ಬದಲಿಸಲು ಸೂಚಿಸುವ ದೀಪ, ಅಂದರೆ ಷಿಫ್ಟ್ ಲೈಟು, ಕಂಡು ಕಾಲು ಕದಲಲು 0.2 ಸೆಕೆಂಡ್ ಹಿಡಿದರೂ ಮೊದಲ ಗೇರಿನಲ್ಲಿ 500 ಆರ್‌ಪಿಎಂ ದಾಟಿಹೋಗಿರುತ್ತದೆ. 9,000ಕ್ಕೆ ಬದಲಿಸಬೇಕಾದರೆ ಷಿಫ್ಟ್ ಲೈಟು ಮೊದಲ ಗೇರಿಗೆ 8,500ಕ್ಕೇ ಹೊತ್ತಿಕೊಳ್ಳಬೇಕು, ಮೂರಕ್ಕೆ 8,850 ಸಾಕು. ಮುಳ್ಳಿನ ಟ್ಯಾಕೋಮೀಟರ್ ನೋಡಿಕೊಂಡು ಗೇರ್ ಹಾಕುವವರು ಮೊದಲ ಗೇರಿನಲ್ಲಿ ಲಿಮಿಟರಿಗೆ ಬಡಿದು ನಿಲ್ಲುವುದು ಇದೇ ಕಾರಣಕ್ಕೆ.

ಪಟ್ಟಿಯ ಮೇಲೆ

ಭಾರತದಲ್ಲಿ ಡ್ರ್ಯಾಗ್ ಓಟಗಳು ಹೆಚ್ಚಾಗಿ ವಿಮಾನಪಟ್ಟಿಗಳಲ್ಲೇ ನಡೆದಿವೆ. ಲೋಣಾವಳ ಬಳಿ ಆಂಬಿ ವ್ಯಾಲಿಯ ಪಟ್ಟಿಯಲ್ಲಿ ನಡೆದ 'ವ್ಯಾಲಿ ರನ್' ಅವುಗಳಲ್ಲಿ ಹೆಸರಾದದ್ದು. ಸಾರ್ವಜನಿಕ ರಸ್ತೆಯಲ್ಲಿ ಅನುಮತಿಯಿಲ್ಲದೆ ಪೈಪೋಟಿ ಓಡಿಸುವುದು 1988ರ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಅಪರಾಧ. ರಸ್ತೆಯಲ್ಲಿ ಇದನ್ನು ಪ್ರಯೋಗಿಸುವವರು ಪಕ್ಕದಲ್ಲಿ ಹೋಗುತ್ತಿರುವ ಸ್ಕೂಟರಿನವರ ಜೀವವನ್ನು ಪಣಕ್ಕಿಡುತ್ತಾರೆ. ಅಲ್ಲದೆ ಅಳತೆಯೇ ಇಲ್ಲದ ಕಡೆ ಷಿಫ್ಟ್ ಪಾಯಿಂಟ್ ಹುಡುಕುವುದು ಸಾಧ್ಯವೂ ಇಲ್ಲ.

ಅಳತೆಯೆಂದರೆ ಟೈಮ್ ಸ್ಲಿಪ್. ಕಾಲು ಮೈಲಿಯ ಪಟ್ಟಿಯಲ್ಲಿ 60, 330, 660, 1,000 ಮತ್ತು 1,320 ಅಡಿಗಳಲ್ಲಿ ಕಳೆದ ಹೊತ್ತನ್ನೂ ಕೊನೆಯ ವೇಗವನ್ನೂ ಅದರಲ್ಲಿ ಅಚ್ಚುಹಾಕಿ ಕೊಡುತ್ತಾರೆ. ಟಾರ್ಕ್, ಶಕ್ತಿ ಅಳೆಯುವ ಯಂತ್ರವಾದ ಡೈನೊದಲ್ಲಿ ಪಡೆದ ನಕ್ಷೆಯಿಂದ ಪ್ರತಿ ಗೇರಿನ ಅಂಕಿ ಬರೆದುಕೊಂಡು ಹೋಗಿ, ಅದರಿಂದ 200 ಆರ್‌ಪಿಎಂ ಕೆಳಗೆ, ಮೇಲೆ, ಒಂದೊಂದಕ್ಕೂ ಕನಿಷ್ಠ ಮೂರು ಓಟ ಓಡಿ ನೋಡುವುದು ಒಳ್ಳೆಯ ಕ್ರಮ. ಒಟ್ಟು ಹೊತ್ತನ್ನು ಹೋಲಿಸಿದರೆ ಮೋಸಹೋಗುವ ಸಂಭವ ಹೆಚ್ಚು, ಏಕೆಂದರೆ ಮೊದಲ 60 ಅಡಿಯಲ್ಲಿ ಚಕ್ರ ಜಾರಿದ್ದರ ಲೆಕ್ಕವೂ ಅದರಲ್ಲಿ ಬೆರೆತಿರುತ್ತದೆ. ಹೊರಟದ್ದು ಒಂದೇ ರೀತಿ ಇರುವ ಓಟಗಳನ್ನು ಮಾತ್ರ ಆರಿಸಿಕೊಂಡು, 330ರಿಂದ 1,000 ಅಡಿಯ ನಡುವಿನ ಹೊತ್ತನ್ನೂ ಕೊನೆಯ ವೇಗವನ್ನೂ ನೋಡಬೇಕು. ತಾನು ಹೇಳಿದ ಹೊತ್ತಿಗೇ ಗೆರೆ ಮುಟ್ಟಬೇಕಾದ ಬ್ರ್ಯಾಕೆಟ್ ಓಟದಲ್ಲಾದರೆ ಅತಿವೇಗದ ಅಂಕಿಗಿಂತ, ಹತ್ತು ಸಲವೂ ತಪ್ಪದೆ ಹಾಕಬಲ್ಲ ಅಂಕಿಯೇ ಮೇಲು.

ವೃತ್ತಿಪರರಿಗೂ ನಿಯಮ ಬದಲಾದರೆ ಲೆಕ್ಕ ಹೊಸದಾಗುತ್ತದೆ. 2016ರಲ್ಲಿ ಪ್ರೊ ಸ್ಟಾಕ್ ವರ್ಗಕ್ಕೆ ಫ್ಯೂಯಲ್ ಇಂಜೆಕ್ಷನ್ ಜೊತೆಗೆ 10,500 ಆರ್‌ಪಿಎಂನ ಮಿತಿ ಬಂತು. ಮಿತಿ ಬಂದ ಮೇಲೆ ಗುಡ್ಡದ ಆಚೆ ಇಳಿಜಾರನ್ನು ಕತ್ತರಿಸಿದಂತಾಗಿ, ಗೇರಿನ ಅನುಪಾತಗಳನ್ನೂ ಕ್ಯಾಮನ್ನೂ ಆ ಗೆರೆಗೆ ತಕ್ಕಂತೆ ಆರಿಸಬೇಕಾಯಿತು.

ಕೊನೆಯದು, ಗೆರೆಯ ಮುಂದಿನ ಗೇರು. ಎಸ್2000ದ ಮೂರನೇ ಗೇರು ಗಂಟೆಗೆ ಸುಮಾರು 148 ಕಿಲೋಮೀಟರಿಗೆ ಮುಗಿಯುತ್ತದೆ, ಕಾರು ಗೆರೆ ದಾಟುವುದು 157ರ ಆಸುಪಾಸಿನಲ್ಲಿ. ನಡುವೆ ಒಂದು ಸೆಕೆಂಡಿಗೂ ಮಿಕ್ಕಿ ಓಟ ಉಳಿದಿರುವುದರಿಂದ ನಾಲ್ಕಕ್ಕೆ ಹೋಗಲೇಬೇಕು. ಬೇರೆ ಕಾರಿನಲ್ಲಿ ಮೂರನೇ ಗೇರು ಮುಗಿಯುವಾಗ ಗೆರೆ ಹತ್ತು ಹದಿನೈದು ಮೀಟರ್ ದೂರದಲ್ಲಿದೆ ಎನ್ನಿ. ಆಗ ಎಳೆತದ ಗೆರೆಗಳು ಕೂಡುವ ಜಾಗ ದಾಟಿದ್ದರೂ ಗೇರ್ ಮುಟ್ಟಬಾರದು: ಕೈ ನಾಲ್ಕಕ್ಕೆ ತಲುಪುವಷ್ಟರಲ್ಲಿ ಕಾರು ಗೆರೆ ದಾಟಿರುತ್ತದೆ.